ಇವತ್ತಿಂದು ಪಾಸಾ, ಫೇಲಾ?

ಅಕ್ಕೋರು ತೀರಿಕೊಂಡ ಮೇಲೆ ಒಂದು ಭಾನುವಾರ ಅವರ ಮನೆಯಲ್ಲಿ ಬುದ್ಧವಂದನೆ ಇತ್ತು. ಸ್ಟೇಶನ್ ಬಜಾರದ ಹಿಂದಿನ ಗಲ್ಲಿ, ಮಾಳಿಗೆಯ ಮೇಲೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು, ಕೆಳಗೆ ಆಟೋಗಳ ಹಾರ್ನು. ವಂದನೆ ಮುಗಿದ ಮೇಲೆ ಬಂದವರು ಒಬ್ಬೊಬ್ಬರೇ ಎದ್ದು ಎರಡು ಮಾತಾಡಿದರು. ನಿವೃತ್ತ ಹೆಡ್‌ಮಾಸ್ಟರೊಬ್ಬರು, "ಅಕ್ಕೋರದು ಭಾಳ ಸುಖದ ಜೀವನ ಆಯ್ತು, ಎಲ್ಲಾ ಕಂಡು ಹೋದ್ರು" ಎಂದರು. ಅವರು ಕೂತ ಕೂಡಲೇ ಎದ್ದ ಸಂಬಂಧಿಯೊಬ್ಬಾಕೆ, "ನಮ್ಮಕ್ಕನ ಜೀವನದಾಗ ಸುಖ ಅನ್ನೋದು ಒಂದ್ ದಿನಾನೂ ಬರಲಿಲ್ಲ" ಎಂದು ಸೆರಗನ್ನು ಕಣ್ಣಿಗೊತ್ತಿಕೊಂಡರು. ಇಬ್ಬರೂ ಅಕ್ಕೋರನ್ನು ಚೆನ್ನಾಗಿ ಬಲ್ಲವರು. ಇಬ್ಬರೂ ಸುಳ್ಳು ಹೇಳುವವರಲ್ಲ. ಹಾರ ಹಾಕಿದ ಫೋಟೋದಲ್ಲಿ ಅಕ್ಕೋರು ಮಾತ್ರ ಒಂದು ಹುಬ್ಬನ್ನು ಮೇಲೆತ್ತಿಕೊಂಡು ನೋಡುತ್ತಿದ್ದರು. ಆ ಹುಬ್ಬಿನ ಪರಿಚಯ ನನಗೆ ಚೆನ್ನಾಗಿದೆ. "ನನ್ನ ಪೇಪರ್ ತಿದ್ದಾಕ ನೀವ್ಯಾರ್ರೀ?" ಎಂದು ಕೇಳುವ ಹುಬ್ಬು ಅದು.

ಮೈಕು ನನ್ನ ಕೈಗೂ ಬಂತು. ಜೀವಮಾನವಿಡೀ ಮಕ್ಕಳಿಗೆ ಎಲೊಕ್ಯೂಷನ್ ಹೇಳಿಕೊಟ್ಟವಳು ನಾನು, "ಶಿ ವಾಸ್ ಮೈ ಫ್ರೆಂಡ್" ಎಂದು ಕೂತುಬಿಟ್ಟೆ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ವಾಡಿಕೆ. ಕಲಬುರಗಿ ಹತ್ತಿರದ ಕಮಲಾಪುರದ ಹುಡುಗಿಯರ ಹೈಸ್ಕೂಲಿನಲ್ಲಿ ನಾವು ನಾಲ್ಕಾರು ಜನ ಇದ್ದರೂ ಊರಿನವರು ಬರೀ 'ಅಕ್ಕೋರು' ಅಂದರೆ ಅದು ಗಣಿತ ಕಲಿಸುವ ಅವರೊಬ್ಬರೇ. ನಾನು 'ಇಂಗ್ಲಿಷ್ ಮೇಡಂ'. ಅವರು ಹುಟ್ಟಿದ್ದೇ ಆ ಊರಿನಲ್ಲಿ. ತಂದೆತಾಯಿ ಮಂದಿಯ ಬಾಳೆತೋಟಗಳಲ್ಲಿ ಕೂಲಿ ಮಾಡಿದವರು. ಗಂಡನಿಗೆ ರೈಲ್ವೆಯಲ್ಲಿ ಕೆಲಸವಾದ್ದರಿಂದ ಮನೆ ಮಾತ್ರ ಕಲಬುರಗಿಯ ಸ್ಟೇಶನ್ ಬಜಾರದಲ್ಲಿ. ದಿನಾ ಬಸ್ಸಿನಲ್ಲಿ ತವರಿಗೆ ಹೋಗಿ ಪಾಠ ಮಾಡಿ ಗಂಡನ ಮನೆಗೆ ಬರುವಾಕೆ ಜಿಲ್ಲೆಯಲ್ಲಿ ತಾನೊಬ್ಬಳೇ ಎಂದು ಹೇಳಿಕೊಂಡು ನಗುತ್ತಿದ್ದರು.

ನಾನು ಕಲಬುರಗಿಯ ಬ್ರಹ್ಮಪುರದವಳು. ಅರಿವೆ ಅಂಗಡಿಯವರ ಮಗಳು, ಕಾನ್ವೆಂಟಿನಲ್ಲಿ ಓದಿದವಳು. ಕಮಲಾಪುರಕ್ಕೆ ವರ್ಗವಾದ ಮೊದಲ ದಿನ ಬಸ್ಸು ಹತ್ತಿ, ಪರ್ಸಿನಿಂದ ಕರ್ಚೀಫು ತೆಗೆದು ಸೀಟು ಒರೆಸುತ್ತಿದ್ದೆ. ಕಿಟಕಿಯ ಪಕ್ಕ ಕೂತಿದ್ದ ಎತ್ತರದ ಹೆಂಗಸು ನೋಡುವಷ್ಟು ನೋಡಿ ಹೇಳಿದರು: "ಒರಸಬ್ಯಾಡ್ರಿ ಮೇಡಂ. ಇದು ಹೋದ್ರ ಇನ್ನೊಂದು ಧೂಳು ಬಂದು ಕೂಡ್ತದ. ಇದಾದ್ರ ಪರಿಚಯ ಅದ."

ಆನೆಸ್ಟ್ಲಿ, ನನಗೆ ಸಿಟ್ಟೇ ಬಂದಿತ್ತು. ಎಂಥ ಮಿಸ್‌ಬಿಹೇವ್ ಮಾಡುವ ಹೆಂಗಸು ಅಂದುಕೊಂಡೆ. ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆ, ಎಂದೂ ಬಿಚ್ಚದ ಛತ್ರಿ, ಬಲಗೈಯ ಗಡಿಯಾರದ ಪಟ್ಟಿಯೊಳಗೆ ಮಡಿಚಿ ಸಿಕ್ಕಿಸಿದ ಬಸ್ ಟಿಕೆಟ್ಟು. ಟಿಕೆಟ್ಟನ್ನು ಅವರು ಪರ್ಸಿನಲ್ಲಿ ಇಟ್ಟದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಚೆಕ್ಕಿಂಗಿನವರು ಬಂದರೆ ಟೈಮು ನೋಡುವ ಹಾಗೆ ಕೈ ಮುಂದೆ ಮಾಡುತ್ತಿದ್ದರು.

ಸಂಜೆ ವಾಪಸು ಬರುವಾಗ ನಾವು ಮೂವರು ಜೊತೆಯಾದೆವು. ಅಕ್ಕೋರು, ನಾನು, ನಮ್ಮ ಶಾಲೆಯ ಡ್ರಿಲ್ ಮಾಸ್ತರು. ಬಸ್ಸು ಕಲಬುರಗಿಯ ಹತ್ತಿರ ಬಂದು ಊರಂಚಿನ ಹುಮನಾಬಾದ್ ಬೇಸ್ ಸರ್ಕಲ್ಲು ಕಂಡದ್ದೇ ತಡ, ಅಕ್ಕೋರು ಹಾಜರಿ ಕರೆಯುವ ದನಿಯಲ್ಲಿ, "ಹಾಂ, ಹೇಳ್ರಿ ಮಾಸ್ತರ. ಇವತ್ತಿಂದು ಪಾಸಾ, ಫೇಲಾ?" ಎಂದರು.

"ಪಾಸ್ರೀ. ಹೊಸಾ ವಾಲಿಬಾಲ್ ಬಂತು" ಎಂದರು ಮಾಸ್ತರು.

"ನಂದೂ ಪಾಸ್. ಮೇಡಂ, ನಿಮ್ಮದು?"

ನನಗೆ ಏನೆಂದು ತಿಳಿಯಲಿಲ್ಲ. ಮಾಸ್ತರು ಬಿಡಿಸಿ ಹೇಳಿದರು. ಇದು ಅವರಿಬ್ಬರೂ ಇಟ್ಟುಕೊಂಡ ಪದ್ಧತಿ. ಬೇಸ್ ಬಂದ ಕೂಡಲೇ ಆ ದಿನಕ್ಕೆ ತೀರ್ಪು ಕೊಡಬೇಕು. ದಿನ ಚಲೋ ಇದ್ದರೆ ಪಾಸು, ಇಲ್ಲದಿದ್ದರೆ ಫೇಲು. ಕಾರಣ ಹೇಳಬಹುದು, ಬಿಡಬಹುದು. ಒಬ್ಬರ ತೀರ್ಪನ್ನು ಇನ್ನೊಬ್ಬರು ತಿದ್ದುವ ಹಾಗಿಲ್ಲ.

"ಇಟ್ ವಾಸ್ ಓಕೆ" ಎಂದೆ.

"ಓಕೆ ಅಂದ್ರ? ನಡುವ ಕುಂದ್ರಾಕ ಜಾಗಾ ಇಲ್ರೀ. ಆ ಕಡಿ ಇಲ್ಲಾ ಈ ಕಡಿ."

"ಪಾಸ್" ಅಂದೆ, ಸುಮ್ಮನೆ ಕಾಟ ತಪ್ಪಲಿ ಎಂದು.

ಮುಂದೆ ಎಷ್ಟೋ ದಿನ ನಾನು ಪಾಸ್ ಎಂದೇ ಹೇಳುತ್ತಿದ್ದೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಪ್ರತಿ ಸಂಜೆ ಪ್ರೇಯರ್ ಆದ ಮೇಲೆ ಕಣ್ಣು ಮುಚ್ಚಿಸಿ, ಆ ದಿನ ದೇವರು ಕೊಟ್ಟ ಒಳ್ಳೆಯದನ್ನೆಲ್ಲ ನೆನೆಸಿಕೊಳ್ಳಲು ಹೇಳುತ್ತಿದ್ದರು. ದಿನ ಕೆಟ್ಟದಾಗಿತ್ತು ಅನ್ನುವುದು ಕೊಟ್ಟವನಿಗೆ ಮಾಡಿದ ಅವಮಾನ. ಅದು ಎಲುಬಿಗೆ ಇಳಿದ ಪಾಠ, ಅಕ್ಕೋರಿಗೂ ಒಮ್ಮೆ ಹೇಳಿದ್ದೆ. ಜ್ವರ ಬಂದ ದಿನವೂ ನನ್ನ ದಿನ ನೈಸ್ ಆಗಿಯೇ ಇರುತ್ತಿತ್ತು. ಒಂದು ಸಂಜೆ ಮಾತ್ರ, ಮನೆಯಲ್ಲಿ ಅತ್ತೆಯ ಜೊತೆ ಕಿರಿಕಿರಿ, ಶಾಲೆಯಲ್ಲಿ ತಲೆನೋವು, ಬಸ್ಸಿನಲ್ಲಿ ಯಾರದೋ ಕೋಳಿ ಕಾಲ ಮೇಲೆ, ಅಕ್ಕೋರು ಕೇಳಿದಾಗ ಬಾಯಿತಪ್ಪಿ "ಫೇಲ್" ಅಂದುಬಿಟ್ಟೆ. ಅಂದ ಕೂಡಲೇ ಬಿಗಿಯಾದ ಚಪ್ಪಲಿ ಕಳಚಿದಂತಾಯಿತು.

"ಭೇಷ್" ಎಂದರು ಅಕ್ಕೋರು. "ಇವತ್ತಿನತನ ಸಿಸ್ಟರ್ ಹೇಳಾಕತ್ತಿದ್ರು. ಇವತ್ತ ಮೇಡಂ ಹೇಳ್ಯಾರ."

ಅವರ ತೀರ್ಪಿಗೆ ಬುಡವೂ ಇರಲಿಲ್ಲ, ತುದಿಯೂ ಇರಲಿಲ್ಲ. ಹಾಗೆಂದು ನನಗೆ ಬಹಳ ವರ್ಷ ಅನ್ನಿಸಿತ್ತು. ನಮ್ಮ ಶಾಲೆಗೆ ಹತ್ತನೇ ಇಯತ್ತೆಯಲ್ಲಿ ಹಿಂದೆಂದೂ ಬರದಷ್ಟು ಒಳ್ಳೆಯ ರಿಸಲ್ಟ್ ಬಂದ ವರ್ಷ ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿದರು. ಗಣಿತದಲ್ಲಿ ಎಲ್ಲ ಹುಡುಗಿಯರೂ ಪಾಸು. ಬಂದವರೆಲ್ಲ ಅಕ್ಕೋರ ಕೈ ಕುಲುಕಿದರು. ಸಂಜೆ ಬೇಸ್ ಬಂದಾಗ ಅವರು "ಫೇಲ್" ಎಂದು ಕಿಟಕಿಯ ಕಡೆ ತಿರುಗಿದರು. ಮಾಸ್ತರು ನನ್ನ ಮುಖ ನೋಡಿದರು, ನಾನು ಮಾಸ್ತರ ಮುಖ ನೋಡಿದೆ. ರೂಲ್ ಈಸ್ ರೂಲ್, ಕೇಳುವ ಹಾಗಿಲ್ಲ. ಮರುದಿನ ತಾವಾಗಿಯೇ ಹೇಳಿದರು: "ಎಲ್ಲಾರೂ 'ನಿಮಗ ಭಾಳ ಖುಷಿ ಆಗಿರಬೇಕು' ಅಂತ ಹೇಳಕೋತ ಬಂದ್ರು ನೋಡ್ರಿ ಮೇಡಂ. ನನಗ ಇನ್ನಾ ಖುಷಿ ಆಗೇ ಇದ್ದಿಲ್ಲ. ಆಗಾಕ ಅವರು ಟೈಮೇ ಕೊಡಲಿಲ್ಲ."

ಇನ್ನೊಂದು ಬೇಸಿಗೆಯ ಸಂಜೆ. ಬಸ್ಸು ಹೊಲಗಳ ನಡುವೆ ಕೆಟ್ಟು ನಿಂತಿತು. ಹಿಂದಿನ ಬಸ್ಸೂ ಬರಲಿಲ್ಲ. ನಾನು ಸೀರೆಯ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಡ್ರೈವರನಿಗೆ ಕಂಪ್ಲೇಂಟು ಮಾಡುತ್ತಿದ್ದೆ. ಮಾಸ್ತರ ತಂಗಿಯ ಮಗಳ ನಿಶ್ಚಯ ಅವತ್ತು ಸಂಜೆಯೇ ಇತ್ತು. ಅವರು ರಸ್ತೆಯ ನಡುವೆ ನಿಂತು ಬಂದ ಲಾರಿಗಳಿಗೆಲ್ಲ ಕೈ ಮಾಡುತ್ತಿದ್ದರು, ಒಂದೂ ನಿಲ್ಲಲಿಲ್ಲ. ಅಕ್ಕೋರು ಬೇವಿನ ಮರದ ಕೆಳಗೆ ಗುರುತೇ ಇಲ್ಲದ ಹೆಂಗಸೊಬ್ಬಾಕೆಯ ಜೊತೆ ಕೂತು ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಮೊದಲೋ ಮೆಣಸಿನಕಾಯಿ ಮೊದಲೋ ಎಂದು ವಾದಕ್ಕೆ ಬಿದ್ದಿದ್ದರು. ಬಸ್ಸು ರಿಪೇರಿಯಾಗಿ ಬೇಸ್ ಮುಟ್ಟುವಾಗ ದೀಪ ಹತ್ತಿದ್ದವು.

"ಫಸ್ಟ್ ಕ್ಲಾಸ್ ಪಾಸ್" ಎಂದರು ಅಕ್ಕೋರು.

"ಏನ್ ಮಜಾಕ್ ಮಾಡ್ತೀರಿ ಅಕ್ಕೋರ? ನಮ್ಮ ತಂಗಿ ಇನ್ನ ನನ್ನ ಮಕಾ ನೋಡಂಗಿಲ್ಲ. ನಂದು ಫೇಲು, ಸಪ್ಲಿಮೆಂಟರಿನೂ ಇಲ್ಲ."

ನಾನಾಗಿದ್ದರೆ 'ಹೋಗ್ಲಿ ಬಿಡ್ರಿ, ಮದುವೆಗೆ ಹೋದರಾಯ್ತು' ಎಂದು ಸಮಾಧಾನ ಮಾಡುತ್ತಿದ್ದೆ. ಅಕ್ಕೋರು ಮಾಡಲಿಲ್ಲ. ಅವರ ನಗು ಇಳಿಯಿತು. "ಹಾಂ ಮಾಸ್ತರ. ನಿಮ್ಮದು ಫೇಲೇ. ಬರೋಬರಿ" ಎಂದರು. ಮಾಸ್ತರು ಇಳಿದು ಹೋದ ಮೇಲೆ ನಾನು ಕೇಳಿದೆ, "ಅದೇ ಬಸ್ಸು, ಅದೇ ಬಿಸಿಲು. ನಿಮಗ ಫಸ್ಟ್ ಕ್ಲಾಸು, ಅವರಿಗೆ ಫೇಲು. ಏನ್ ಲೆಕ್ಕಾರೀ ಇದು?"

"ಲೆಕ್ಕಾ ಅಲ್ಲಾ ಮೇಡಂ ಇದು, ಸಾರಿನ ಉಪ್ಪು" ಎಂದರು. "ಹೆಚ್ಚೋ ಕಮ್ಮಿನೋ, ಉಣ್ಣೋರ ನಾಲಿಗೀನ ಹೇಳಬೇಕು. ಬಾಜೂದವರ ನಾಲಿಗಿ ಎರವು ತರಾಕ ಬರ್ತದೇನು?"

ಅವರನ್ನು ಏನೋ ದೊಡ್ಡ ಸಂತಳೆಂದು ಯಾರೂ ತಿಳಿಯಬಾರದು. ಜಗಳಗಂಟಿ. ಕಂಡಕ್ಟರು, ತರಕಾರಿಯವರು, ಹೆಡ್‌ಮಾಸ್ಟರು, ಯಾರನ್ನೂ ಬಿಟ್ಟವರಲ್ಲ. ಭಾನುವಾರಗಳೆಂದರೆ ಅವರಿಗೆ ಆಗುತ್ತಿರಲಿಲ್ಲ. "ಖಾಲಿ ಬೋರ್ಡ್ ಇದ್ದಂಗ ಇರ್ತದ, ನೋಡಿದ್ರ ಕೈ ತುರಸ್ತದ" ಎನ್ನುತ್ತಿದ್ದರು. ನನ್ನ ಇಂಗ್ಲಿಷನ್ನು ಹಾಸ್ಯ ಮಾಡದ ದಿನವಿಲ್ಲ. ನಾನು ಒಮ್ಮೆ ಸಾಲಾಗಿ ಸಾರಿ, ಥ್ಯಾಂಕ್ಯೂ, ಎಕ್ಸ್‌ಕ್ಯೂಸ್ ಮಿ ಅಂದದ್ದಕ್ಕೆ, "ಮೇಡಂ, ನೀವು ಸಂತಿಗೆ ಹೋದ್ರ ಬದನಿಕಾಯಿಗೂ ಥ್ಯಾಂಕ್ಯೂ ಅಂತೀರೇನು?" ಎಂದಿದ್ದರು. ನಿಜ ಹೇಳುತ್ತೇನೆ, ಈಗ ನಾನು ಹಾಗೆ ಅನ್ನುತ್ತೇನೆ. ಮನಸ್ಸಿನಲ್ಲೇ, ಅವರ ನೆನಪಿಗೆ.

ನನ್ನ ಯಜಮಾನರು ಹೋದದ್ದು ನಾನಿನ್ನೂ ಸರ್ವಿಸಿನಲ್ಲಿದ್ದಾಗ. ರಜೆ ಮುಗಿಸಿ ಮತ್ತೆ ಬಸ್ಸು ಹತ್ತಿದ ದಿನ ಎಲ್ಲರೂ ನನ್ನೊಡನೆ ಮೆಲ್ಲಗೆ ಮಾತಾಡಿದರು, ಕಾಯಿಲೆಯವರ ಕೋಣೆಯಲ್ಲಿ ಮಾತಾಡಿದ ಹಾಗೆ. ಸಂಜೆ ಬೇಸ್ ಹತ್ತಿರ ಬಂದಂತೆ ಮಾಸ್ತರು ಕೆಮ್ಮಿ ಬೇರೆ ಏನೋ ವಿಷಯ ತೆಗೆದರು. ನನ್ನನ್ನು ಇವತ್ತು ಕೇಳಬಾರದು ಎಂಬ ಮರ್ಯಾದೆ ಅವರದು. ಅಕ್ಕೋರು ಅವರ ಮಾತನ್ನು ಅರ್ಧಕ್ಕೇ ನಿಲ್ಲಿಸಿ ನನ್ನ ಕಡೆ ತಿರುಗಿದರು. "ಮೇಡಂ, ನಿಮ್ಮದು?"

"ಫೇಲ್."

"ಹಾಂ. ಬರೋಬರಿ."

ಅಷ್ಟೇ. ಮನೆಯಲ್ಲಿ, ಓಣಿಯಲ್ಲಿ, ಗುಡಿಯಲ್ಲಿ ಜನ ನನಗೆ ಹೇಳುತ್ತಿದ್ದರು: ಕಾಲವೇ ಔಷಧ, ಮಕ್ಕಳ ಮುಖ ನೋಡಿ ಗಟ್ಟಿಯಾಗಿರು, ಇಷ್ಟು ವರ್ಷ ಚೆನ್ನಾಗಿ ಬಾಳಿಸಿದರಲ್ಲ ಅದನ್ನು ನೆನೆ. ಹೇಳಿದವರೆಲ್ಲ ನನಗೆ ಬೇಕಾದವರೇ. ಆದರೆ ಒಬ್ಬ ಹೆಂಗಸು ಮಾತ್ರ ಪ್ರತಿ ಸಂಜೆ ನನ್ನ ದಿನ ಹೇಗಿತ್ತೆಂದು ನನ್ನನ್ನೇ ಕೇಳುತ್ತಿದ್ದರು. ಹೇಳಿದ್ದನ್ನು ಹಾಗೆಯೇ ತೆಗೆದುಕೊಳ್ಳುತ್ತಿದ್ದರು. ಫೇಲ್. ಬರೋಬರಿ. ಮಳೆಗಾಲ ಹೋಗಿ ಚಳಿ ಬಂದರೂ ಅದೇ ನಡೆದಿತ್ತು.

ಒಂದು ಮಧ್ಯಾಹ್ನ ಅಕ್ಕೋರ ಡಬ್ಬಿಯ ಪುಂಡಿಪಲ್ಯ ನನ್ನ ರೊಟ್ಟಿಯ ಮೇಲೆ ಬಿತ್ತು. ದಿನಾ ಬೀಳುವಂಥದ್ದೇ. ಅವತ್ತು ಅದು ಹುಳಿ ಎಂದು ಗೊತ್ತಾಯಿತು. ಎಷ್ಟೋ ತಿಂಗಳ ಮೇಲೆ ನಾಲಿಗೆಗೆ ಒಂದು ರುಚಿ ತಗುಲಿತ್ತು. ಇನ್ನೊಂದಿಷ್ಟು ಹಾಕ್ರಿ ಎಂದು ಕೈ ಒಡ್ಡಿದೆ. ಆ ಸಂಜೆ ಕೇಳಿದಾಗ ನನ್ನ ಬಾಯಿಂದ "ಪಾಸ್" ಬಂತು. ಯಜಮಾನರಿಲ್ಲದ ದಿನವನ್ನು ಒಳ್ಳೆಯದು ಎಂದುಬಿಟ್ಟೆನಲ್ಲ, ಎಂಥವಳು ನಾನು ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಯಾರಾದರೂ ಆಗ ಸಂತೋಷಪಟ್ಟಿದ್ದರೆ, ಬೆನ್ನು ತಟ್ಟಿದ್ದರೆ, ಆ ಮಾತನ್ನು ವಾಪಸು ತೆಗೆದುಕೊಂಡುಬಿಡುತ್ತಿದ್ದೆ. ಅಕ್ಕೋರು ತಿರುಗಿಯೂ ನೋಡಲಿಲ್ಲ. ಹೊರಗೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರನ್ನು ನೋಡುತ್ತ, "ಹಾಂ. ಬರೋಬರಿ" ಎಂದರು, ನಿನ್ನೆ ಅಂದ ಅದೇ ದನಿಯಲ್ಲಿ. ಅವರು ಅಂದು ತಿರುಗಿ ನೋಡದೆ ಇದ್ದದ್ದಕ್ಕೆ ನಾನು ಇಂದಿಗೂ ಅವರಿಗೆ ಕೃತಜ್ಞಳು. ಥ್ಯಾಂಕ್ಯೂ ಅಂದಿದ್ದರೆ ಬದನೆಕಾಯಿ ನೆನಪಿಸುತ್ತಿದ್ದರು, ಹಾಗಾಗಿ ಹೇಳಲೇ ಇಲ್ಲ.

ಇಬ್ಬರೂ ರಿಟೈರ್ ಆದೆವು. ಮಾಸ್ತರು ಮಗನ ಮನೆಗೆಂದು ವಿಜಯಪುರಕ್ಕೆ ಹೋದರು. ನಾನು ಬ್ರಹ್ಮಪುರದಲ್ಲಿ, ಅಕ್ಕೋರು ಸ್ಟೇಶನ್ ಬಜಾರದಲ್ಲಿ. ಬಸ್ಸಿನ ಬದಲು ಫೋನು ಬಂತು. ಸಂಜೆ ರಿಂಗಾದರೆ ಅವರೇ. "ಹಾಂ ಮೇಡಂ, ಬೇಸ್ ಬಂತು ನೋಡ್ರಿ." ಹಾಗೆ ಎಷ್ಟೋ ವರ್ಷ.

ಹೋದ ವರ್ಷ ಅವರ ಪುಪ್ಪುಸಕ್ಕೆ ರೋಗ ಬಂತು. ಎರಡು ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ. ಮಗಳು ಸುಜಾತಾ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಅಮ್ಮನ ಜೊತೆಗೇ ಇರುವವಳು. ಅವಳು ಒಂದು ದಿನ ನನ್ನ ಮನೆಗೆ ಬಂದು ಚಹಾ ಮುಟ್ಟದೆ ಕೂತಳು. "ಡಾಕ್ಟರ್ ಹೇಳ್ಯಾರ್ರಿ ಆಂಟಿ, ಎಲ್ಲೆರೆ ಕರಕೊಂಡು ಹೋಗೋದಿದ್ರ ಈಗ ಹೋಗಿ ಬರ್ರಿ ಅಂತ. ಮುಂದ ಆಗಂಗಿಲ್ಲಂತ. ಅವ್ವಗ ಒಂದ್ ಚಲೋ ದಿನ ಆಗಬೇಕು ಆಂಟಿ. ಒಂದೇ ಒಂದು. ಏನ್ ಮಾಡಿದ್ರ ಆಗ್ತದ, ನಿಮಗೇ ಗೊತ್ತು."

ಆ ಕೆಲಸವನ್ನು ನಾನು ತಲೆಯ ಮೇಲೆ ಹೊತ್ತುಕೊಂಡೆ. ಆನ್ಯುಯಲ್ ಡೇ ಪ್ರೋಗ್ರಾಂ ಮಾಡಿದ ಹಾಗೆ ಪ್ಲಾನ್ ಮಾಡಿದೆ. ಎ.ಸಿ. ಕಾರು, ಕಮಲಾಪುರ, ಹಳೆಯ ಶಾಲೆಯಲ್ಲಿ ಸಣ್ಣ ಸತ್ಕಾರ, ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳ ಬಾಳೆತೋಟ, ಅಲ್ಲೇ ಊಟ, ಬಿಸಿಲು ಇಳಿಯುವ ಮೊದಲು ವಾಪಸು. ಎ ಪರ್ಫೆಕ್ಟ್ ಡೇ. ಅವರ ಉಪಕಾರಕ್ಕೆ ನಾನು ಕೊಡುವುದು ಒಂದೇ ದಿನ, ಅದು ಪಾಸಾಗಲೇಬೇಕು.

ಶಾಲೆಯಲ್ಲಿ ಶಾಲು ಹೊದಿಸಿದರು. ಯುವ ಶಿಕ್ಷಕರೊಬ್ಬರು ಫೋನಿನಲ್ಲಿ ನೋಡಿಕೊಂಡು, ಅಕ್ಕೋರು ತ್ಯಾಗಮಯಿ, ಅಕ್ಕೋರು ಮಾತೃಸ್ವರೂಪಿ ಎಂದು ಓದಿದರು. ಅಕ್ಕೋರು ಕೈ ಮುಗಿದು, "ಎಲ್ಲಾರಿಗೂ ಧನ್ಯವಾದ್ರಿ" ಎಂದರು. ಅಷ್ಟು ಮೆತ್ತಗಿನ ಮಾತು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ನನಗೆ ಮೊದಲ ಸಲ ಹೆದರಿಕೆಯಾಯಿತು.

ತೋಟದಲ್ಲಿ ಕುರ್ಚಿ ಹಾಕಿದ್ದರು. ನೆರಳು, ತಂಪು, ಕಾಲುವೆಯ ನೀರಿನ ಸದ್ದು. ತಟ್ಟೆಯ ತುಂಬ ಕಮಲಾಪುರದ ಕೆಂಪು ಬಾಳೆಹಣ್ಣು. ಹೈದರಾಬಾದಿನಿಂದ ಬಂದವರು ಕಾರು ನಿಲ್ಲಿಸಿ ಕೊಂಡುಹೋಗುವ ಹಣ್ಣು. ನಾನು ಒಂದನ್ನು ಸುಲಿದು ಅವರ ಕೈಗಿಟ್ಟೆ. ಅವರು ಸ್ವಲ್ಪ ಹೊತ್ತು ಹಿಡಿದುಕೊಂಡು ನನ್ನ ಕೈಗೇ ವಾಪಸು ಕೊಟ್ಟರು.

"ನೀವ್ ತಿನ್ರಿ ಮೇಡಂ. ಚಲೋ ಇರ್ತಾವ."

"ನಿಮ್ಮೂರಿನ ಹಣ್ಣಲ್ಲೇನ್ರಿ ಅಕ್ಕೋರ?"

"ಊರಿಂದೇ. ನಿಮಗ ಹಣ್ಣು ಕಾಣಸ್ತದ, ನನಗ ನಮ್ಮವ್ವನ ಹೆಗಲು ಕಾಣಸ್ತದ. ಗೊನಿ ಹೊತ್ತು ಹೊತ್ತು ಕರ್ರಗಾಗಿತ್ತು. ನನ್ನ ಸಲುವಾಗಿ ನೀವ್ ಬಿಡಬ್ಯಾಡ್ರಿ, ತಿನ್ರಿ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಅಷ್ಟು ವರ್ಷ ಜೊತೆಗೆ ಓಡಾಡಿದರೂ ಅವರ ಡಬ್ಬಿಯಲ್ಲಿ ನಾನು ಬಾಳೆಹಣ್ಣು ಕಂಡಿರಲಿಲ್ಲ ಎಂಬುದು ಆಗ ಹೊಳೆಯಿತು. ಹಣ್ಣು ತಿಂದೆ, ಅದು ಸಿಹಿಯಾಗಿಯೇ ಇತ್ತು. ಆದರೆ ನಾನು ಕಟ್ಟಿದ ದಿನ ಕಣ್ಣೆದುರೇ ಕುಸಿಯುತ್ತಿತ್ತು. ಊಟವನ್ನು ಅವರು ಎರಡು ತುತ್ತಿಗೆ ಬಿಟ್ಟರು.

ವಾಪಸು ಹೊರಟೆವು. ಅವತ್ತು ಕಮಲಾಪುರದ ಸಂತೆ. ಬಸ್ ಸ್ಟ್ಯಾಂಡಿನ ಹತ್ತಿರ ಜನಜಂಗುಳಿಯಲ್ಲಿ ಕಾರು ನಿಂತಿತು. ಹುಮನಾಬಾದ್ ಕಡೆಯಿಂದ ಬಂದ ಕೆಂಪು ಬಸ್ಸು ಧೂಳೆಬ್ಬಿಸಿ ನಮ್ಮ ಪಕ್ಕದಲ್ಲೇ ನಿಂತು, ಬುಟ್ಟಿ ಚೀಲಗಳ ಹೆಂಗಸರು ಬಾಗಿಲಿಗೆ ಮುಗಿಬಿದ್ದರು. ಅಕ್ಕೋರು ಕಾರಿನ ಗಾಜು ಇಳಿಸಿದರು.

"ಸುಜಿ, ನಾ ಬಸ್ಸಿಗೆ ಬರ್ತೀನಿ."

"ಅವ್ವಾ, ಹುಚ್ಚ ಹಿಡದದೇನು ನಿನಗ? ಆ ಗದ್ದಲದಾಗ? ಉಸುರು ಸಿಕ್ಕಂಡ್ರ ಏನ್ ಮಾಡ್ಲಿ ನಾ? ಆಂಟಿ, ನೀವರೆ ಹೇಳ್ರಿ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಕ್ಕೋರು ನನ್ನನ್ನು ನೋಡಲಿಲ್ಲ, ಬಸ್ಸನ್ನೇ ನೋಡುತ್ತಿದ್ದರು. ಬೆಳಗಿನಿಂದ ಆ ಮುಖದಲ್ಲಿ ನಾನು ಹುಡುಕುತ್ತಿದ್ದ ಬೆಳಕು ಈಗ ಬಂದಿತ್ತು. "ಕಾರು ಬಸ್ಸಿನ ಹಿಂದೇ ಬರಲಿ ಸುಜಾತಾ. ಬೇಕಂದಲ್ಲಿ ಇಳಿಸೂಣಂತ" ಎಂದೆ. ಆಮೇಲೆ ನಾವು ಮೂವರೂ ಇಳಿದು ಬಸ್ಸು ಹತ್ತಿದೆವು.

ಬದನೆಕಾಯಿ ಬುಟ್ಟಿಯ ಹೆಂಗಸೊಬ್ಬಾಕೆ ಸರಿದು ಅಕ್ಕೋರಿಗೆ ಕಿಟಕಿ ಕೊಟ್ಟಳು. ನಾನು ಸೀಟು ಒರೆಸಲಿಲ್ಲ. ಕಂಡಕ್ಟರು ಬಂದ. ಈಗ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಆದರೆ ಆಧಾರ್ ಕಾರ್ಡು ತೋರಿಸಬೇಕು. ನಾನು ತೋರಿಸಿದೆ, ಸುಜಾತಾ ತೋರಿಸಿದಳು. ಕಾರಿನಲ್ಲಿ ಹೋಗುವವರಿಗೆ ಕಾರ್ಡೇಕೆ ಎಂದು ಅಕ್ಕೋರು ಅದನ್ನು ಮನೆಯಲ್ಲೇ ಬಿಟ್ಟಿದ್ದರು.

"ಕಾರ್ಡ್ ಇಲ್ಲಂದ್ರ ಟಿಕೆಟ್ ತಗೋಬೇಕವ್ವ."

"ಯಾಕಪ್ಪ, ನಾ ಹೆಣ್ಣು ಅಂತ ಕಾರ್ಡ್ ನೋಡಿ ತಿಳೀಬೇಕೇನು ನಿನಗ?"

"ಹೆಣ್ಣು ಅನ್ನೋದು ಕಾಣಸ್ತದವ್ವ. ಕರ್ನಾಟಕದಾಕಿ ಅನ್ನೋದು ಹ್ಯಾಂಗ ತಿಳೀಬೇಕು? ಈ ಬಸ್ನ್ಯಾಗ ತೆಲಂಗಾಣದ ಜಹೀರಾಬಾದ್ ಕಡಿಯವರೂ ಬರ್ತಾರ."

"ಕಮಲಾಪುರದಾಗ ನಿಂತು ನನಗ ಜಹೀರಾಬಾದದಾಕಿ ಅಂತೀಯಾ?" ಅಕ್ಕೋರು ನೆಟ್ಟಗೆ ಕೂತರು. "ಹದಿನೇಳರ ಮಗ್ಗಿ ಕನ್ನಡದಾಗ ಹೇಳಿದ್ರ ನಡೀತದೇನು?"

ಸುತ್ತಲಿನ ಹೆಂಗಸರು ನಕ್ಕರು. ಕಂಡಕ್ಟರಿಗೂ ನಗು ಬಂತು. "ಹೇಳ್ರಿ ನೋಡೋಣ, ಭಾಳ ದಿನ ಆತು ಕೇಳಿ."

ಅಕ್ಕೋರು ಶುರು ಮಾಡಿದರು. "ಹದಿನೇಳೊಂದ್ಲಿ ಹದಿನೇಳು. ಹದಿನೇಳೆರಡ್ಲಿ ಮೂವತ್ನಾಲ್ಕು." ದನಿ ಏರಿತು. ಹಿಂದಿನ ಸೀಟಿನವರು ಕತ್ತು ಚಾಚಿದರು. ಐದು ದಾಟಿತು, ಆರು ದಾಟಿತು. "ಹದಿನೇಳೇಳ್ಲಿ..." ಎಂದು ನಿಂತರು. ಉಸಿರಿಗಾಗಿ ನಿಂತರೆಂದು ನಾನು ತಿಳಿದೆ. ಸುಜಾತಾ ಅವರ ಬೆನ್ನ ಮೇಲೆ ಕೈಯಿಟ್ಟಳು. ಉಸಿರು ಇತ್ತು, ಸಂಖ್ಯೆ ಇರಲಿಲ್ಲ. ತುಟಿ ಅಲುಗುತ್ತಿತ್ತು, ಕಣ್ಣು ಬಸ್ಸಿನ ಮೇಲ್ಛಾವಣಿಯಲ್ಲಿ ಹುಡುಕುತ್ತಿತ್ತು.

"ನೂರಾ ಹತ್ತೊಂಬತ್ತು" ಎಂದ ಕಂಡಕ್ಟರು, ಮೆಲ್ಲಗೆ. "ಮುಂದ ಹೇಳ್ರಿ."

ಮುಂದಿನದನ್ನು ಅವರು ಹತ್ತರ ತನಕ ಗಟ್ಟಿಯಾಗಿ ಹೇಳಿ ಮುಗಿಸಿದರು. ಬದನೆಕಾಯಿಯ ಹೆಂಗಸು ಚಪ್ಪಾಳೆ ತಟ್ಟಿದಳು. ಕಂಡಕ್ಟರು ಮಷೀನು ಒತ್ತಿ, "ಮಗ್ಗಿ ಭಾರಿ ಅದರಿ ಅಕ್ಕೋರ. ಆದ್ರ ಟಿಕೆಟ್ ತಗೋಬೇಕು" ಎಂದ.

"ಮತ್ತ? ರೂಲ್ ಅಂದ್ರ ರೂಲು" ಎಂದು ಅಕ್ಕೋರು ದುಡ್ಡು ಕೊಟ್ಟರು. "ನೋಡ್ರಿ ಮೇಡಂ, ನಿಮಗ ಪುಕ್ಕಟ, ನಾ ರೊಕ್ಕಾ ಕೊಟ್ಟು ಕುಂತೀನಿ. ಸೀಟು ನಂದೇ ಜಾಸ್ತಿ" ಎಂದು ಟಿಕೆಟ್ಟನ್ನು ಮಡಿಚಿ ಗಡಿಯಾರದ ಪಟ್ಟಿಗೆ ಸಿಕ್ಕಿಸಿದರು. ಕೈ ಸೊರಗಿ ಪಟ್ಟಿ ಸಡಿಲಾಗಿತ್ತು, ಟಿಕೆಟ್ಟು ಜಾರಿ ಬಿತ್ತು. ನಾನು ಎತ್ತಿ, ಇನ್ನೊಂದು ಮಡಿಕೆ ಹಾಕಿ, ಮತ್ತೆ ಸಿಕ್ಕಿಸಿದೆ. ದಾರಿಯುದ್ದಕ್ಕೂ ಅವರು ಪಕ್ಕದಾಕೆಯ ಜೊತೆ ಬದನೆಕಾಯಿಯ ದರದ ಮೇಲೆ ವಾದ ಮಾಡಿದರು, ಕೆಮ್ಮಿದರು, ನಕ್ಕರು. ಅವರು ಅಷ್ಟು ನಕ್ಕದ್ದನ್ನು ವರ್ಷದಿಂದ ನಾನು ಕಂಡಿರಲಿಲ್ಲ. ಪಾಸಾಯಿತು, ಕಡೆಗೂ ಪಾಸಾಯಿತು ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಹುಮನಾಬಾದ್ ಬೇಸ್ ಬಂತು.

"ಸುಜಿ, ನೀ ಹೇಳು ಮೊದಲ."

"ಫೇಲ್, ಅವ್ವ. ನನ್ನ ಜೀವ ಕೈಯಾಗಿತ್ತು." ಸುಜಾತಾ ಅಳುತ್ತಿದ್ದಳು. ಅಕ್ಕೋರು ಅವಳ ಕೈ ಹಿಡಿದುಕೊಂಡು, "ಹಾಂ. ನಿಂದು ಫೇಲೇ ಮಗಳ. ಬರೋಬರಿ" ಎಂದರು. "ಮೇಡಂ?"

"ಪಾಸ್" ಎಂದೆ. "ನಿಮ್ಮದು?"

ಅವರು ಹೊರಗೆ ನೋಡಿದರು. "ಫೇಲ್" ಎಂದರು.

ನನ್ನ ನಾಲಿಗೆಯ ತುದಿಗೆ ಎಷ್ಟೋ ಮಾತು ಬಂದವು. ನೀವು ಅಷ್ಟು ನಕ್ಕಿರಲ್ಲ ಅಕ್ಕೋರೆ. ಒಂದು ಸಂಖ್ಯೆ ತಾನೆ, ಔಷಧದ ಗುಂಗು, ಈ ವಯಸ್ಸಿಗೆ ಯಾರಿಗೆ ನೆನಪಿರುತ್ತದೆ. ಮಗ್ಗಿ ಗೊತ್ತಿಲ್ಲದ ನನಗೆ ಅದು ಒಂದು ಸಂಖ್ಯೆ. ಊರಿಗೆಲ್ಲ ಮಗ್ಗಿ ಬಾಯಿಪಾಠ ಮಾಡಿಸಿದ ಹೆಂಗಸಿಗೆ ಕಮಲಾಪುರದ ಜನರ ನಡುವೆ ಅದು ಏನಾಗಿತ್ತೆಂದು ನನ್ನ ನಾಲಿಗೆಗೆ ಹೇಗೆ ತಿಳಿಯಬೇಕು? ಇವರನ್ನು ಹೇಗಾದರೂ ಮಾಡಿ ಪಾಸ್ ಅನ್ನಿಸಬೇಕೆಂದು ನನ್ನ ಜೀವ ಹಟ ಮಾಡುತ್ತಿತ್ತು. ಆಗ ಕಬ್ಬಿನ ಟ್ರ್ಯಾಕ್ಟರು ನೆನಪಾಯಿತು. ನಾನೂ ಮುಖವನ್ನು ರಸ್ತೆಯ ಕಡೆ ತಿರುಗಿಸಿದೆ.

"ಹಾಂ" ಎಂದೆ. "ಬರೋಬರಿ."

ಅವರ ಭುಜ ಸಡಿಲಾಗಿ ನನ್ನ ಭುಜಕ್ಕೆ ಒರಗಿತು. ಬಸ್ ಸ್ಟ್ಯಾಂಡು ಬರುವ ತನಕ ಹಾಗೇ ಇದ್ದರು.

ಮರುದಿನ ನನ್ನ ಮೊಣಕಾಲು ಊದಿತ್ತು. ಕರೆಂಟಿರಲಿಲ್ಲ. ಕೆಲಸದವಳೂ ಬರಲಿಲ್ಲ. ಕೊಡಬೇಕೆಂದಿದ್ದ ಒಂದೇ ಒಂದು ದಿನವನ್ನೂ ಕೊಡಲಾಗಲಿಲ್ಲವಲ್ಲ ಎಂದು ಕತ್ತಲ ಕೋಣೆಯಲ್ಲಿ ಬೀಸಣಿಗೆ ಹಿಡಿದು ಕೂತಿದ್ದೆ. ಸಂಜೆ ಫೋನು ಬಂತು. ಸುಜಾತಾ.

"ಆಂಟಿ, ಅವ್ವಗ ಮಾತಾಡಾಕ ಉಸುರು ಸಾಲವಲ್ದು, ನಾನೇ ಹೇಳ್ತೀನಿ. ಮುಂಜಾನಿಂದ ಮಲಕೊಂಡಲ್ಲೇ ಮಗ್ಗಿ ಹೇಳಾಕತ್ತಾಳ. ಹದಿನೇಳರದು, ಹದಿನೆಂಟರದು, ಹತ್ತೊಂಬತ್ತರದು. ಊಟಾನೂ ಮಾಡ್ಯಾಳ. ಈಗ, ಮೇಡಂಗ ಫೋನ್ ಹಚ್ಚು, ಇವತ್ತಿಂದು ಪಾಸ್ ಅಂತ ಹೇಳು ಅಂದ್ಲು."

ಎ.ಸಿ. ಕಾರಿಲ್ಲ, ಶಾಲಿಲ್ಲ, ನಾನೂ ಇಲ್ಲ. ಹಾಸಿಗೆ, ಗೋಡೆ, ಕೆಳಗೆ ಆಟೋಗಳ ಹಾರ್ನು. ಆ ದಿನ ಪಾಸು. ನಾನು ಬೀಸಣಿಗೆಯನ್ನು ಕೆಳಗಿಟ್ಟೆ.

"ಆಂಟಿ, ಕೇಳಾಕತ್ತೀರೇನು? ನಿಮ್ಮದೇನು ಅಂತ ಕೇಳಾಕತ್ತಾಳ."

"ಐದು ನಿಮಿಷದ ಹಿಂದಿನತನ ಫೇಲ್ ಇತ್ತು ಅಂತ ಹೇಳವ್ವ" ಎಂದೆ.

ಫೋನಿನ ಆ ಕಡೆ, ದೂರದಲ್ಲಿ, ಆ ಜಗಳಗಂಟಿಯ ದನಿ ಕೇಳಿಸಿತು. ಉಸಿರು ಸಾಲದೆ ತುಂಡು ತುಂಡಾಗಿ ಬಂದರೂ ಸ್ಪಷ್ಟವಾಗಿತ್ತು.

"ಹಾಂ. ಬರೋಬರಿ."